ಐವರ ಪ್ರವಾಸ, ಐದನೆಯ ಹಾಸಿಗೆ

ಕೊಲ್ಹಾಪುರದ ಮಹಾಲಕ್ಷ್ಮಿಯ ದರ್ಶನಕ್ಕೆ ವರ್ಷಕ್ಕೊಮ್ಮೆಯಾದರೂ ಹೋಗಿಬರದ ಕುಟುಂಬವು ನಮ್ಮ ಗಡಹಿಂಗ್ಲಜ ಸೀಮೆಯಲ್ಲಿ ವಿರಳವೆಂದೇ ಹೇಳಬೇಕು. ಹಿಂದೆ ಈ ಪ್ರವಾಸವೆಂದರೆ ಬುತ್ತಿ ಕಟ್ಟಿಕೊಂಡು ನಸುಕಿನ ಎಸ್.ಟಿ. ಬಸ್ಸು ಹಿಡಿಯುವುದು, ದೀಪ ಹಚ್ಚುವ ಹೊತ್ತಿಗೆ ಮರಳಿ ಮನೆ ಸೇರುವುದು, ಇಷ್ಟೇ ಆಗಿತ್ತು. ಈಗ ಬೆಳೆದ ಮಕ್ಕಳು ಎರಡು ದಿನ ಇದ್ದು ಬರೋಣವೆನ್ನುತ್ತಾರೆ. ಇರುವುದಾದರೆ ರಿಸಾರ್ಟಿನಲ್ಲಿಯೇ ಇರೋಣವೆನ್ನುತ್ತಾರೆ. ರಿಸಾರ್ಟ್ ಎಂಬ ಹೆಸರಾದರೋ ಇಂದು ನಾಲ್ಕು ಕೋಣೆ, ಒಂದು ಉಯ್ಯಾಲೆ ಇರುವ ತೋಟದ ಮನೆಗೂ ತಗಲಿದೆ. ಹೆಸರನ್ನು ನಂಬಿ ಮುಂಗಡ ಹಣ ಕೊಡುವ ಮೊದಲು ಏನೇನು ವಿಚಾರಿಸಬೇಕೆಂಬುದನ್ನು ಪೆಟ್ಟು ತಿಂದು ಕಲಿತ ನಾವು ವಾಚಕ ಬಂಧು-ಭಗಿನಿಯರಲ್ಲಿ ನಿವೇದಿಸಬಯಸುತ್ತೇವೆ.

ನಾವು, ನಮ್ಮ ಯಜಮಾನರು, ಎಪ್ಪತ್ತಾರರ ವಯಸ್ಸಿನ ಅತ್ತೆಯವರು, ಕಾಲೇಜು ಓದುವ ಮಗ, ಶಾಲೆಗೆ ಹೋಗುವ ಮಗಳು, ಹೀಗೆ ನಮ್ಮದು ಐವರ ಸಂಸಾರ. ಐದೆಂಬುದು ವಸತಿಗೃಹಗಳಿಗೆ ಒಗ್ಗದ ಸಂಖ್ಯೆ. ಅವುಗಳ ಕೋಣೆಗಳು ಇಬ್ಬರಿಗೆಂದು ಕಟ್ಟಿದವು; ಮೂರನೆಯವರು ಬಂದರೆ ನೆಲಕ್ಕೊಂದು ಗಾದಿ ಹಾಸುತ್ತಾರೆ; ದೊಡ್ಡ ಕೋಣೆಯಲ್ಲಿ ಎರಡು ಜೋಡಿ ಮಂಚ ಹಾಕಿ 'ಫ್ಯಾಮಿಲಿ ರೂಮ್' ಎನ್ನುತ್ತಾರೆ. ಅಲ್ಲಿಯೂ ಲೆಕ್ಕ ನಾಲ್ಕಕ್ಕೇ ಮುಗಿಯುತ್ತದೆ. ಐದನೆಯವರು ಯಾರೆಂಬುದನ್ನು ಮನೆಯವರೇ ನಿರ್ಧರಿಸಬೇಕು; ನಮ್ಮ ಮನೆಗಳಲ್ಲಿ ಅದು ಕೇಳದೆಯೇ ನಿರ್ಧಾರವಾಗಿಬಿಡುತ್ತದೆ.

ಕಳೆದ ವರ್ಷ ಗುಡಿಗೆ ಸಮೀಪವೆಂದು ಕೊಲ್ಹಾಪುರ ಪಟ್ಟಣದಲ್ಲಿಯೇ ಒಂದು ವಸತಿಗೃಹದಲ್ಲಿ ಇಳಿದಿದ್ದೆವು. ಒಂದೇ ಕೋಣೆಯಾದರೆ ಅಗ್ಗವೆಂಬುದು ನಮ್ಮ ಎಣಿಕೆ. ಐದನೆಯ ಗಾದಿಯನ್ನು ಬಚ್ಚಲುಮನೆಯ ಬಾಗಿಲಿಗೆ ಹತ್ತಿ ಹಾಸಿದರು. ನಾವು ಬಾಯಿ ತೆರೆಯುವ ಮೊದಲೇ ಅತ್ತೆಯವರು ಅದರ ಮೇಲೆ ಕುಳಿತು, "ನನಗ ಮಂಚ ಯಾಕ ಬೇಕವಾ, ನೆಲದ ಮ್ಯಾಲ ನಿದ್ದಿ ಛಲೋ ಬರತದ" ಎಂದರು. ನಾವೂ ನಂಬಿದೆವು, ನಂಬುವುದು ನಮಗೆ ಅನುಕೂಲವಾಗಿತ್ತು. ಮರುದಿನ ನಸುಕಿನಲ್ಲಿ ಕಾಕಡ ಆರತಿಗೆ ಹೊರಟಾಗ, "ನೀವು ಹೋಗಿ ಬರ್ರಿ, ನಾ ಇಲ್ಲೇ ಕುಂತು ಜಪಾ ಮಾಡ್ತೀನಿ" ಎಂದುಬಿಟ್ಟರು. ಯಾರ ಸಲುವಾಗಿ ಹೋಗಿದ್ದೆವೋ ಅವರೇ ಆರತಿ ಕಾಣಲಿಲ್ಲ. ಊರಿಗೆ ಮರಳಿ ಎಂಟು ದಿನಗಳಾದ ಮೇಲೆ ಮಗಳು ಹೇಳಿದಳು: ನಡುರಾತ್ರಿ ಅಜ್ಜಿಗೆ ನೆಲದಿಂದ ಏಳಲು ಮೊಣಕಾಲು ಬಾರದೆ, ಮಂಚದ ಕಾಲು ಹಿಡಿದುಕೊಂಡು ಬಹಳ ಹೊತ್ತು ಕುಳಿತಿದ್ದರಂತೆ, ಕೊನೆಗೆ ಮೊಮ್ಮಗಳನ್ನು ಎಬ್ಬಿಸಿ, ಎತ್ತಿಸಿಕೊಂಡು, ಯಾರಿಗೂ ಹೇಳಕೂಡದೆಂದು ಆಣೆ ಹಾಕಿಸಿದ್ದರಂತೆ.

ಆದ್ದರಿಂದ ಈ ವರ್ಷ ಐದನೆಯ ಹಾಸಿಗೆಯಿಂದಲೇ ವಿಚಾರ ಆರಂಭಿಸಿದೆವು.

ಮಕ್ಕಳ ಮನಸ್ಸು ಮೊದಲು ಆಂಬೋಲಿಯ ಕಡೆಗಿತ್ತು. ನಮ್ಮೂರ ಹಿರಣ್ಯಕೇಶಿ ನದಿ ಹುಟ್ಟುವುದೇ ಅಲ್ಲಿ. ಆಜರೆಯ ಮೇಲಿನಿಂದ ದಾರಿಯೂ ಸುಗಮ. ಆದರೆ ಆಂಬೋಲಿಗೆ ಹೋದರೆ ಮಹಾಲಕ್ಷ್ಮಿ ತಪ್ಪುತ್ತಾಳೆ. ಅದನ್ನು ಮತ್ತೊಂದು ವರ್ಷಕ್ಕಿಟ್ಟು, ಕೊಲ್ಹಾಪುರದಿಂದ ಸುಮಾರು 20 ಕಿಲೋಮೀಟರು ದೂರದ ಪನ್ಹಾಳಗಡವನ್ನು ಆರಿಸಿದೆವು.

ಆಗ ಇಚಲಕರಂಜಿಯಿಂದ ನಾದಿನಿಯ ಫೋನು ಬಂದಿತು. "ಅಣ್ಣಾಗ ನಮ್ಮನಿ ಸಣ್ಣದಾತೇನು? ರೊಕ್ಕಾ ಕೊಟ್ಟು ಮಂದಿ ಮನ್ಯಾಗ ಇರೂದು ಯಾಕ?" ಇಚಲಕರಂಜಿಯಿಂದ ಕೊಲ್ಹಾಪುರ ಒಂದು ತಾಸಿನ ದಾರಿ, ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಆಕೆಯದು ಎರಡು ಕೋಣೆಗಳ ಮನೆ. ಗೋಡೆಯಾಚೆ ವಿದ್ಯುತ್ ಮಗ್ಗಗಳ ಸದ್ದು. ಆಕೆಯ ಯಜಮಾನರು ಮಗ್ಗದ ರಾತ್ರಿ ಪಾಳಿ ಮುಗಿಸಿ ಹಗಲಿನಲ್ಲಿ ನಿದ್ರಿಸುವವರು. ಐವರು ಹೋಗಿ ಇಳಿದರೆ ಆ ಮನುಷ್ಯನ ನಿದ್ರೆಗೂ ದುಡಿಮೆಗೂ ಸಂಚಕಾರ. ಇದನ್ನು ಬಿಡಿಸಿ ಹೇಳುವುದು ಹೇಗೆ? ನಮ್ಮ ಯಜಮಾನರು ಏನೋ ಹಾರಿಕೆಯ ಮಾತು ಆಡಿದರು. ಆಕೆ ಫೋನು ಇಟ್ಟುಬಿಟ್ಟಳು. ಅತ್ತೆಯವರು ಅಡಿಗೆಮನೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡರೂ ಒಂದಕ್ಷರ ಆಡಲಿಲ್ಲ.

ಪನ್ಹಾಳದ ಹಲವು ವಸತಿಗಳಿಗೆ ಫೋನು ಮಾಡಿದೆವು. ಇಳಿಜಾರಿನ ಮೇಲೆ ಕಟ್ಟಿದ ಕಟ್ಟಡಗಳಲ್ಲಿ 'ತಳಮಹಡಿ' ಎಂಬ ಮಾತಿಗೆ ಅರ್ಥವಿಲ್ಲ. ತಳಮಹಡಿಯೆಂದು ಒಪ್ಪಿದವರೊಬ್ಬರು ಕೆದಕಿ ಕೇಳಿದ ಮೇಲೆ, ರಸ್ತೆಯಿಂದ ಹದಿನೆಂಟು ಮೆಟ್ಟಿಲು ಇಳಿಯಬೇಕೆಂದರು. ಆದುದರಿಂದ ಮಹಡಿಯನ್ನು ಕೇಳದೆ ಮೆಟ್ಟಿಲುಗಳ ಎಣಿಕೆಯನ್ನೇ ಕೇಳಬೇಕು. ಶೌಚಾಲಯದಲ್ಲಿ ಕಮೋಡು ಇದೆಯೇ, ಹಿಡಿದು ಏಳಲು ಸರಳು ಇದೆಯೇ ಎಂಬುದು ಎರಡನೆಯದು. ಬಿಸಿನೀರು ಸೌರಯಂತ್ರದ್ದೇ ಆಗಿದ್ದರೆ ಮಂಜು ಕವಿದ ನಸುಕಿನಲ್ಲಿ ತಣ್ಣೀರೇ ಗತಿ. ಬಾಡಿಗೆಯ ದಿನವು ಇಳಿದ ಹೊತ್ತಿನಿಂದ 24 ತಾಸೋ, ಇಲ್ಲವೆ ಬೆಳಿಗ್ಗೆ ಇಂತಿಷ್ಟು ಹೊತ್ತಿಗೆ ಖಾಲಿ ಮಾಡಬೇಕೋ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ತಾಂಬಡಾ-ಪಾಂಢರಾ ರಸ್ಸಾಕ್ಕೆ ಹೆಸರಾದ ಸೀಮೆಯಿದು. ಶಾಕಾಹಾರಿಗಳು ಪಾತ್ರೆ, ಒಲೆ ಬೇರೆಯೇ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ.

ಹಣದ ಮಾತಿನಲ್ಲಿ ನಮಗೆ ಹೊಳೆಯದಿದ್ದ ಒಂದು ಸಂಗತಿಯನ್ನು ಮಗನು ತೋರಿಸಿಕೊಟ್ಟನು. ದಿನದ ಬಾಡಿಗೆ 7,500 ರೂಪಾಯಿಯವರೆಗಿನ ಕೋಣೆಗೆ 2025ರ ಸಪ್ಟೆಂಬರ 22ರಿಂದ ಜಿ.ಎಸ್.ಟಿ. ಶೇಕಡಾ 5; ಅದಕ್ಕೆ ಮೊದಲು ಶೇಕಡಾ 12 ಇತ್ತು. 7,500 ಮೀರಿದ ಕೋಣೆಗೆ ಶೇಕಡಾ 18. ಎಂಟು ಸಾವಿರದ ಒಂದೇ ದೊಡ್ಡ ಕೋಣೆ ಹಿಡಿದರೆ ತೆರಿಗೆ 1,440 ರೂಪಾಯಿ. ನಾಲ್ಕು ಸಾವಿರದ ಎರಡು ಕೋಣೆ ಹಿಡಿದರೆ 400 ಮಾತ್ರ. ಒಂದೇ ಕೋಣೆ ಅಗ್ಗವೆಂಬ ನಮ್ಮ ಹಳೆಯ ಎಣಿಕೆ ಇಲ್ಲಿಗೆ ಮುರಿದುಬಿತ್ತು.

ಅಕ್ಕಪಕ್ಕದ ಎರಡು ಕೋಣೆಗಳೆಂದು ಗೊತ್ತಾದ ರಾತ್ರಿ, ಊಟ ಬಡಿಸುತ್ತಿದ್ದಾಗ ಅತ್ತೆಯವರು ತಾಟಿನ ಕಡೆ ನೋಡುತ್ತಲೇ ಕೇಳಿದರು: "ಎರಡು ಖೋಲಿ ಅಂದ್ರ ಮೂರು ಮೂರು, ಆರು ಮಂದಿಗೆ ಜಾಗಾ ಆತಲ್ಲಾ?"

ನಮ್ಮ ಯಜಮಾನರು ಊಟ ಬಿಟ್ಟೆದ್ದು ತಂಗಿಗೆ ಫೋನು ಮಾಡಿದರು. ಆರನೆಯವರ ವಿಷಯವನ್ನು ವಸತಿಯವರಿಗೂ ಅಂದೇ ತಿಳಿಸಿದೆವು. ಹೇಳದೆ ಕರೆದೊಯ್ದರೆ ಬಾಗಿಲಲ್ಲಿ ಮಾತಿಗೆ ಮಾತು ಬೆಳೆಯುತ್ತದೆ, ಗುರುತಿನ ಚೀಟಿಯನ್ನೂ ಕೇಳುತ್ತಾರೆ.

ಮಂಗಳವಾರ, ಶುಕ್ರವಾರಗಳ ಜನಸಂದಣಿ ಬೇಡವೆಂದು ಸೋಮವಾರ ಹೊರಟೆವು. ಮಹಾರಾಷ್ಟ್ರದ ನಮ್ಮೂರಿನಿಂದ ಮಹಾರಾಷ್ಟ್ರದ ಕೊಲ್ಹಾಪುರಕ್ಕೆ ಸಂಕೇಶ್ವರ, ನಿಪ್ಪಾಣಿಗಳ ಮೇಲಿನಿಂದ ಹೋದರೆ ಕರ್ನಾಟಕವನ್ನು ಹಾದೇ ಹೋಗಬೇಕು. ಕಾಗಲ ಸಮೀಪಿಸುವಾಗ ಮತ್ತೆ ಮಹಾರಾಷ್ಟ್ರ. ಅಂಗಡಿಗಳ ಫಲಕಗಳಲ್ಲಿ ಲಿಪಿ ಬದಲಾಗುವುದನ್ನು ಮಗಳು ಕಿಟಕಿಯಿಂದ ಎಣಿಸುತ್ತ ಕುಳಿತಿದ್ದಳು. ನಾದಿನಿ ಇಚಲಕರಂಜಿಯ ಬಸ್ಸಿನಿಂದಿಳಿದು ನಮಗಿಂತ ಮೊದಲೇ ಗುಡಿಯ ಮಹಾದ್ವಾರದ ಎದುರು ಕಾದು ನಿಂತಿದ್ದಳು. ಅಣ್ಣನೊಡನೆ ಮಾತಾಡಲಿಲ್ಲ, ತಾಯಿಯ ಕೈ ಹಿಡಿದು ಸಾಲಿನಲ್ಲಿ ನಿಂತಳು.

ಪನ್ಹಾಳವು ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗಳಿಗೂ ಎತ್ತರದಲ್ಲಿದೆ. ಹನ್ನೆರಡನೆಯ ಶತಮಾನದ ಕೊನೆಗೆ ಶಿಲಾಹಾರ ವಂಶದ ಇಮ್ಮಡಿ ಭೋಜನು ಇಲ್ಲಿ ಕೋಟೆ ಕಟ್ಟಿಸಿದನು. ಆ ವಂಶದವರ ಅನೇಕ ಶಾಸನಗಳು ಕನ್ನಡದಲ್ಲಿರುವುದನ್ನು ನಮ್ಮ ಮಕ್ಕಳಿಗೆ ಹೇಳುವುದು ಯೋಗ್ಯ. 1660ರಲ್ಲಿ ಸಿದ್ದಿ ಜೌಹರನ ಮುತ್ತಿಗೆಯಿಂದ ಶಿವಾಜಿ ಮಹಾರಾಜರು ಮಳೆಯ ರಾತ್ರಿ ವಿಶಾಲಗಡದ ಕಡೆಗೆ ಪಾರಾದದ್ದು ಇಲ್ಲಿಂದಲೇ. 2025ರಲ್ಲಿ ಯುನೆಸ್ಕೋ ವಿಶ್ವಪರಂಪರೆಗೆ ಸೇರಿಸಿದ ಹನ್ನೆರಡು ಮರಾಠಾ ಕೋಟೆಗಳಲ್ಲಿ ಇದೂ ಒಂದು. ವೃದ್ಧರಿಗೆ ಇದು ಅನುಕೂಲವಾದ ಕೋಟೆ. ಮೋಟಾರು ಮೇಲಿನವರೆಗೆ ಹೋಗುತ್ತದೆ. ತೀನ್ ದರ್ವಾಜಾ ಮತ್ತು ಧಾನ್ಯದ ಅಂಬರಖಾನೆಗಳನ್ನು ಅತ್ತೆಯವರು ನಿಧಾನವಾಗಿ ನೋಡಿದರು. ಅಂಬರಖಾನೆಯ ಎತ್ತರಕ್ಕೆ ತಲೆಯೆತ್ತಿ, "ಇಷ್ಟು ಜ್ವಾಳಾ ಬೀಸಾವ್ರ ಯಾರು?" ಎಂದು ಕೇಳಿದರು. ಮಳೆಗಾಲದಲ್ಲಿ ಮಾತ್ರ ಇಲ್ಲಿಗೆ ವೃದ್ಧರನ್ನು ಕರೆತರಬಾರದು; ಕಲ್ಲು ಜಾರುತ್ತದೆ, ಬಟ್ಟೆ ಒಣಗುವುದಿಲ್ಲ.

ಮಧ್ಯಾಹ್ನ ಗಡದ ಮೇಲೆ ಹೆಂಗಸರು ಬಡಿಸುವ ಝುಣಕಾ-ಭಾಕರಿ ತಿಂದೆವು. ರಿಸಾರ್ಟಿನ ಊಟಕ್ಕಿಂತ ಅದೇ ರುಚಿಯಾಗಿತ್ತೆಂದು ಬರೆದರೆ ರಿಸಾರ್ಟಿನವರು ಕ್ಷಮಿಸಬೇಕು.

ರಾತ್ರಿ ಒಂದು ಕೋಣೆಯಲ್ಲಿ ಅತ್ತೆಯವರು, ನಾದಿನಿ, ಮಗಳು. ಮತ್ತೊಂದರಲ್ಲಿ ನಾವು ಮೂವರು. ಈ ಸಲದ ನೆಲದ ಗಾದಿಗಳು ಮಗನಿಗೆ ಒಂದು, ಮಗಳಿಗೆ ಒಂದು. ಗೋಡೆಯಾಚೆಯಿಂದ ತಾಯಿ-ಮಗಳ ಮಾತು ಬಹಳ ಹೊತ್ತಿನವರೆಗೆ ಕೇಳುತ್ತಿತ್ತು. ಯಾವ ಮಾತೆಂಬುದು ತಿಳಿಯುತ್ತಿರಲಿಲ್ಲ, ನಡುನಡುವೆ ನಗು ಮಾತ್ರ ತಿಳಿಯುತ್ತಿತ್ತು. ಬೆಳಿಗ್ಗೆ ನಾದಿನಿಯು ಅಣ್ಣನಿಗೆ ತಾನೇ ಚಹಾ ತಂದುಕೊಟ್ಟಳು.

ಬುಧವಾರ ಲೆಕ್ಕ ತೀರಿಸುವಾಗ ಚೀಟಿಯಲ್ಲಿ ಆರನೆಯವರ ಹಣ ಬೇರೆಯಾಗಿ ಬರೆದಿತ್ತು. ನಮ್ಮ ಯಜಮಾನರು ಕಿಸೆಗೆ ಕೈಹಾಕುವಷ್ಟರಲ್ಲಿ ಅತ್ತೆಯವರು ಸೊಂಟದ ಎಲೆಯಡಕೆಯ ಸಂಚಿ ಬಿಚ್ಚಿದರು. "ಮಗಳನ್ನ ಕರದಾಕಿ ನಾನು, ನಾ ಕೊಡತೀನಿ" ಎಂದರು. ಮ್ಯಾನೇಜರನಿಗೆ ಕನ್ನಡ ಬಾರದು. ಆತನು ಒಮ್ಮೆ ಯಜಮಾನರನ್ನೂ ಒಮ್ಮೆ ಅತ್ತೆಯವರನ್ನೂ ನೋಡಿ, ಮಡಿಸಿದ ನೋಟುಗಳನ್ನು ಅವರ ಕೈಯಿಂದಲೇ ಇಸಿದುಕೊಂಡು, ಉಳಿದ ಚಿಲ್ಲರೆಯನ್ನು ಅವರ ಅಂಗೈಯಲ್ಲಿ ಎಣಿಸಿ ಇಟ್ಟನು.