ಎರಡನೆಯ ಡಿಸ್ಕಿನ ಕಸಿ

ಮನೆ ಕಿರಿದಾಯಿತೆಂದು ಊರನ್ನೇ ಬಿಟ್ಟುಹೋಗುವ ಗೃಹಸ್ಥರು ವಿರಳ. ಬೆಂಗಳೂರಿನ ಆರ್.ಟಿ. ನಗರದ ಬೀದಿಗಳಲ್ಲಿ ಒಂದು ಸಂಜೆ ಸುತ್ತಾಡಿ ಬಂದರೆ ಈ ಮಾತು ಯಾರಿಗಾದರೂ ಮನವರಿಕೆಯಾದೀತು. ಮಗನಿಗೆ ಮದುವೆಯಾಯಿತೆಂದು ಒಬ್ಬರು ಮಹಡಿ ಎತ್ತಿಸಿದ್ದಾರೆ. ಬಾಡಿಗೆ ಬರಲೆಂದು ಇನ್ನೊಬ್ಬರು ಹಿತ್ತಲನ್ನು ಕೋಣೆಯಾಗಿಸಿದ್ದಾರೆ. ಹಳೆಯ ಮನೆಯನ್ನು ಕೆಡವದೆ, ಅದರಲ್ಲಿ ಒಲೆ ಉರಿಯುತ್ತಿರುವಾಗಲೇ, ಹೊಸದನ್ನು ಸೇರಿಸುವುದು ಸಂಸಾರಸ್ಥರ ಜಾಣತನ. ಆದರೆ ಅದು ಸುಲಭದ ಕೆಲಸವಲ್ಲ. ಖಾಲಿ ನಿವೇಶನದಲ್ಲಿ ಕಟ್ಟುವವನಿಗೆ ಇಟ್ಟಿಗೆ ಗಾರೆಗಳ ಚಿಂತೆ ಮಾತ್ರ. ಇದ್ದ ಮನೆಗೆ ಕೋಣೆ ಸೇರಿಸುವವನಿಗಾದರೋ, ಮೊದಲಿನ ಗೋಡೆ ಬಿರುಕು ಬಿಡಬಾರದೆಂಬ ಚಿಂತೆಯೇ ದೊಡ್ಡದು.

ಗಣಕಯಂತ್ರಕ್ಕೆ ಎರಡನೆಯ ಡಿಸ್ಕನ್ನು ಸೇರಿಸುವ ಕೆಲಸವೂ ಈ ಜಾತಿಗೆ ಸೇರಿದ್ದು. ಇಂದು ಅಂಗಡಿಯಿಂದ ತಂದು ಚುಚ್ಚಿದರೆ ಸಾಕು, ಯಂತ್ರವೇ ಗುರುತು ಹಿಡಿದು ಸ್ವಾಗತಿಸುತ್ತದೆ. ೧೯೯೦ರ ದಶಕದಲ್ಲಿ ಹಾಗಿರಲಿಲ್ಲ. ಅಂದು ಅದೊಂದು ಸಂಸ್ಕಾರ. ಅದಕ್ಕೆ ವಿಧಿಗಳಿದ್ದವು, ನಿಷೇಧಗಳಿದ್ದವು, ಕೊಂಚ ಭಯವೂ ಇತ್ತು.

ಉತ್ತರ ಬೆಂಗಳೂರಿಗೆ ಇಂಥ ಯಂತ್ರಗಳ ಪರಿಚಯ ಬೇಗನೆ ಆಯಿತು. ಯಶವಂತಪುರದ ಮಗ್ಗುಲಲ್ಲಿ, ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ೧೯೦೯ರಿಂದಲೂ ಇದೆ. ಅಲ್ಲಿ ೧೯೯೦ರಲ್ಲಿ ಸೂಪರ್‌ಕಂಪ್ಯೂಟರ್ ಶಿಕ್ಷಣ ಮತ್ತು ಸಂಶೋಧನೆಗೆಂದೇ ಪ್ರತ್ಯೇಕ ಕೇಂದ್ರವೊಂದು ಸ್ಥಾಪನೆಯಾಯಿತು. ಹೆಬ್ಬಾಳದಲ್ಲಿ ೧೯೬೪ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾನಿಲಯ. ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್. ಇಂಥ ನೆರೆಹೊರೆಯಲ್ಲಿ ‘ವರ್ಕ್‌ಸ್ಟೇಷನ್’ ಎಂಬ ಮಾತು ಆ ಕಾಲದ ಸಂಶೋಧಕರ ಬಾಯಲ್ಲಿ ಓಡಾಡುತ್ತಿತ್ತು. ಮನೆಯ ಗಣಕಕ್ಕಿಂತ ಬಲಶಾಲಿಯಾದ, ಒಬ್ಬ ವಿಜ್ಞಾನಿಯ ಮೇಜಿನ ಮೇಲೆಯೇ ಕುಳಿತು ದೊಡ್ಡ ಲೆಕ್ಕಗಳನ್ನು ಮಾಡಿಕೊಡುವ ಯಂತ್ರಕ್ಕೆ ಆ ಹೆಸರು. ಅವುಗಳಲ್ಲಿ ಅಮೆರಿಕದ ಸನ್ ಕಂಪನಿಯ ಸ್ಪಾರ್ಕ್‌ಸ್ಟೇಷನ್ ಪ್ರಸಿದ್ಧವಾದದ್ದು. ೧೯೮೯ರಲ್ಲಿ ಮೊದಲು ಬಂದ ಅದರ ಆಕಾರ ಮಿಠಾಯಿ ಅಂಗಡಿಯ ಚಪ್ಪಟೆ ಡಬ್ಬದಂತೆ. ಒಳಗೆ ಎರಡು ಡಿಸ್ಕ್‌ಗಳಿಗೆ ಮಾತ್ರ ಜಾಗ.

ಆ ದಶಕದ ನಡುಭಾಗದಲ್ಲಿ ಹೆಬ್ಬಾಳದ ಕಡೆಯ ಒಂದು ಪ್ರಯೋಗಶಾಲೆಯಲ್ಲಿ ಇಂಥದೊಂದು ಯಂತ್ರದ ಮುಂದೆ ಕುಳಿತ ಸಂಶೋಧನ ವಿದ್ಯಾರ್ಥಿಯೊಬ್ಬನನ್ನು ಓದುಗರು ಕಲ್ಪಿಸಿಕೊಳ್ಳಲಿ. ಅಂಥವರು ಅಂದು ಅನೇಕರಿದ್ದರು, ಹೆಸರು ಬೇಡ. ಅವನ ವಿಷಯ, ರಾಗಿ ಹೊಲಗಳ ಮಣ್ಣಿನಲ್ಲಿ ತೇವ ಎಷ್ಟು ದಿನ ನಿಲ್ಲುತ್ತದೆ ಎಂಬುದು. ಮೂರು ಮಳೆಗಾಲ ಅವನು ಹೊಲದಿಂದ ಹೊಲಕ್ಕೆ ನಡೆದು, ಮಣ್ಣು ತೆಗೆದು, ತೂಗಿ, ಒಣಗಿಸಿ, ಮತ್ತೆ ತೂಗಿ ಅಂಕಿಗಳನ್ನು ಬರೆದುಕೊಂಡಿದ್ದ. ರಾತ್ರಿ ಕುಳಿತು ಅವನ್ನು ಯಂತ್ರಕ್ಕೆ ಊಡಿಸಿದ್ದ. ಅವುಗಳ ಜೊತೆಗೆ, ೧೯೮೮ರ ಮಾರ್ಚ್‌ನಲ್ಲಿ ಭಾರತ ಕಕ್ಷೆಗೆ ಕಳುಹಿಸಿದ ಐಆರ್‌ಎಸ್-೧ಎ ಉಪಗ್ರಹ ತೆಗೆದ ಚಿತ್ರಗಳು. ಅವು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆಯಿಂದ ಟೇಪಿನಲ್ಲಿ ಬಂದಿದ್ದವು. ಆಕಾಶ ಹೇಳಿದ್ದನ್ನೂ ನೆಲ ಹೇಳಿದ್ದನ್ನೂ ಜೋಡಿಸಿ ನೋಡುವುದು ಅವನ ಪ್ರಬಂಧದ ಉದ್ದೇಶ. ಒಂದು ದಿನ ಯಂತ್ರ ‘ಡಿಸ್ಕ್ ತುಂಬಿದೆ’ ಎಂದು ಹೇಳಿ ಸುಮ್ಮನಾಯಿತು. ೪೨೪ ಮೆಗಾಬೈಟ್‌ನ ಡಿಸ್ಕ್ ಅದು. ಇಂದು ಮದುವೆಯ ವೀಡಿಯೊ ಒಂದಕ್ಕೂ ಅಷ್ಟು ಸಾಲದು.

ಅರ್ಜಿ ಹೋಯಿತು, ರುಜುಗಳಾದವು, ತಿಂಗಳುಗಳ ತರುವಾಯ ಹೊಸ ಡಿಸ್ಕ್ ಬಂದಿತು. ಅದನ್ನು ಕೂಡಿಸಬೇಕಾದ ವಿಧಾನಕ್ಕೆ ‘ಸ್ಕಸಿ’ ಎಂದು ಹೆಸರು. ಚಿಕ್ಕ ಗಣಕಗಳನ್ನೂ ಅವುಗಳ ಪರಿವಾರವನ್ನೂ ಬೆಸೆಯುವ ಒಂದು ಒಪ್ಪಂದವೆಂದು ಅದರ ತಾತ್ಪರ್ಯ. ಕ್ಯಾಲಿಫೋರ್ನಿಯದ ಶುಗಾರ್ಟ್ ಅಸೋಸಿಯೇಟ್ಸ್ ಎಂಬ ಕಂಪನಿಯಲ್ಲಿ ೧೯೭೦ರ ದಶಕದ ಕೊನೆಯಲ್ಲಿ ಅದರ ಬೀಜ ಬಿದ್ದು, ೧೯೮೬ರಲ್ಲಿ ಅಮೆರಿಕದ ಮಾನಕ ಸಂಸ್ಥೆಯ ಮುದ್ರೆ ದೊರೆಯಿತು. ಅದಕ್ಕೆ ಮುನ್ನ ಡಿಸ್ಕ್ ಎಂಬುದು ಹೇಳಿದಲ್ಲಿಗೆ ಮುಳ್ಳು ಸರಿಸುವ ಮೂಕ ಸೇವಕನಂತಿತ್ತು. ಯಾವ ಸುತ್ತು, ಯಾವ ಮನೆ ಎಂದು ಯಂತ್ರವೇ ಎಣಿಸಿ ಹೇಳಬೇಕಾಗಿತ್ತು. ಸ್ಕಸಿಯ ಡಿಸ್ಕ್‌ಗೆ ಸ್ವಂತ ಬುದ್ಧಿ ಬಂದಿತು. ‘ಇಷ್ಟನೆಯ ತುಂಡನ್ನು ಕೊಡು’ ಎಂದರೆ ಸಾಕು, ಅದು ಎಲ್ಲಿದೆಯೆಂದು ಡಿಸ್ಕ್ ತಾನೇ ಹುಡುಕಿ ಕೊಡುತ್ತಿತ್ತು. ಆದಕಾರಣ ಒಂದೇ ತಂತಿಯ ಸಾಲಿನಲ್ಲಿ ಡಿಸ್ಕ್, ಟೇಪು, ಸಿ.ಡಿ. ಎಲ್ಲವೂ ಕೂಡಿ ಬಾಳಲು ಸಾಧ್ಯವಾಯಿತು. ಕೂಡಿ ಬಾಳುವುದೆಂದ ಮೇಲೆ ಕಟ್ಟಳೆಗಳು ಬೇಡವೆ?

ಮೊದಲನೆಯ ಕಟ್ಟಳೆ, ಪ್ರತಿಯೊಬ್ಬರಿಗೂ ಬೇರೆ ಬೇರೆ ಅಂಕ. ಅಂದಿನ ಸಾಲಿನಲ್ಲಿ ಸೊನ್ನೆಯಿಂದ ೭ರವರೆಗೆ ಎಂಟು ಸ್ಥಾನಗಳು. ೭ ಸಾಮಾನ್ಯವಾಗಿ ಯಂತ್ರದ್ದೇ. ಇಬ್ಬರು ಒಟ್ಟಿಗೆ ಮಾತಾಡಹೊರಟರೆ ದೊಡ್ಡ ಅಂಕದವರಿಗೆ ಮೊದಲ ಅವಕಾಶ. ಆದ್ದರಿಂದ ಯಜಮಾನನ ಮಾತನ್ನು ಯಾರೂ ಮೀರುವಂತಿಲ್ಲ. ಡಿಸ್ಕಿನ ಬೆನ್ನಮೇಲೆ ಮೂರು ಜೊತೆ ಪುಟ್ಟ ಮೊಳೆಗಳಿರುತ್ತವೆ. ಅವುಗಳ ಬೆಲೆ ೪, ೨, ೧. ಯಾವ ಜೊತೆಯ ಮೇಲೆ ಜಂಪರ್ ಎಂಬ ಸಣ್ಣ ಟೋಪಿ ತೊಡಿಸುತ್ತೇವೆಯೋ ಅದರ ಬೆಲೆ ಎಣಿಕೆಗೆ ಬರುತ್ತದೆ. ಎರಡಕ್ಕೂ ಒಂದಕ್ಕೂ ತೊಡಿಸಿದರೆ ೩. ಒಂದಕ್ಕೆ ಮಾತ್ರ ತೊಡಿಸಿದರೆ ೧. ಸ್ಪಾರ್ಕ್‌ಸ್ಟೇಷನ್ನಿನ ಮನೆತನದಲ್ಲಿ ಹಿರಿಯ ಡಿಸ್ಕ್‌ನ ಅಂಕ ೩, ಕಿರಿಯದರದು ೧, ಟೇಪಿನದು ೪, ಸಿ.ಡಿ.ಯದು ೬. ಹಿರಿಯನಿಗೆ ಮೂರನೆಯ ಮಣೆ ಏಕೆಂದು ಹೊಸಬರು ಕೇಳುತ್ತಿದ್ದರು. ಮನೆತನದ ಸಂಪ್ರದಾಯಕ್ಕೆ ಕಾರಣ ಕೇಳಬಾರದೆಂದು ಹಳಬರು ನಗುತ್ತಿದ್ದರು. ಆದರೆ ಇಬ್ಬರಿಗೆ ಒಂದೇ ಅಂಕ ಬಿದ್ದರೆ ನಗುವ ವಿಷಯವಲ್ಲ. ಕರೆದಾಗ ಇಬ್ಬರೂ ಓಗೊಡುತ್ತಾರೆ. ಯಾರ ಮಾತೂ ಕೇಳಿಸುವುದಿಲ್ಲ.

ಎರಡನೆಯ ಕಟ್ಟಳೆ, ಸಾಲಿಗೆ ಎರಡು ತುದಿಗಳಿರಬೇಕು, ಎರಡಕ್ಕೂ ಮುಚ್ಚಳವಿರಬೇಕು. ವಿಜಯಪುರದಲ್ಲಿ ೧೬೫೬ರಲ್ಲಿ ಪೂರ್ಣವಾದ ಗೋಲಗುಮ್ಮಟವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಆಡಿದ ಮಾತು ಗೋಡೆಗೆ ಬಡಿದು ಮತ್ತೆ ಮತ್ತೆ ಮರಳಿ ಬರುತ್ತದೆ. ತಂತಿಯಲ್ಲಿ ಓಡುವ ವಿದ್ಯುತ್ ಸಂಜ್ಞೆಯ ಸ್ವಭಾವವೂ ಹಾಗೆಯೇ. ತೆರೆದ ತುದಿಯನ್ನು ಮುಟ್ಟಿದರೆ ಹಿಂದಕ್ಕೆ ಪುಟಿದು, ಹಿಂದಿನಿಂದ ಬರುವ ಸಂಜ್ಞೆಯೊಡನೆ ಕಲೆತು ಗೊಂದಲವೆಬ್ಬಿಸುತ್ತದೆ. ಅದನ್ನು ಹೀರಿಕೊಳ್ಳಲೆಂದು ತುದಿಯಲ್ಲಿ ೨೨೦ ಮತ್ತು ೩೩೦ ಓಮ್‌ಗಳ ರೆಸಿಸ್ಟರ್‌ಗಳನ್ನು ಕೂಡಿಸುತ್ತಿದ್ದರು. ಅದಕ್ಕೆ ಟರ್ಮಿನೇಟರ್ ಎಂದು ಹೆಸರು. ಎರಡು ತುದಿಗಳಲ್ಲಿ ಇರಲೇಬೇಕು, ನಡುವೆ ಇರಲೇಕೂಡದು. ನಡುವೆ ಕುಳಿತ ಡಿಸ್ಕ್ ಟರ್ಮಿನೇಟರ್ ತೊಟ್ಟರೆ ಮುಂದಿನವರಿಗೆ ಸೇರಬೇಕಾದ ಸತ್ವವನ್ನು ಅದೇ ಹೀರಿಬಿಡುತ್ತದೆ. ಈ ದೋಷದ ವೈಚಿತ್ರ್ಯವೇನೆಂದರೆ, ಯಂತ್ರ ಒಮ್ಮೆಲೇ ನಿಲ್ಲುವುದಿಲ್ಲ. ಸೋಮವಾರ ಸರಿಯಾಗಿರುತ್ತದೆ, ಮಂಗಳವಾರ ಒಂದು ಕಡತ ಕೆಡುತ್ತದೆ, ಬುಧವಾರ ಮತ್ತೆ ಸರಿಯಾಗಿರುತ್ತದೆ. ಕಾರಣ ಕಾಣದ ಸಂಕಟ ಕಂಡ ಸಂಕಟಕ್ಕಿಂತ ಕ್ರೂರ.

ಪ್ರಯೋಗಶಾಲೆಯ ಹಿರಿಯ ತಂತ್ರಜ್ಞರೊಬ್ಬರು ಹುಡುಗನ ಪಕ್ಕದಲ್ಲಿ ಕುಳಿತರು. ವಿದ್ಯುತ್ತನ್ನು ಕಡಿದು, ಮೈಯ ಸ್ಥಾಯಿ ವಿದ್ಯುತ್ತು ಇಳಿಯಲೆಂದು ಲೋಹದ ಚೌಕಟ್ಟನ್ನು ಮುಟ್ಟಿ, ಮುಚ್ಚಳ ತೆಗೆದರು. ಹೊಸ ಡಿಸ್ಕ್ ನಡುವೆ ಕೂಡತಕ್ಕದ್ದಾದ್ದರಿಂದ ಅದರ ಮೇಲಿನ ರೆಸಿಸ್ಟರ್‌ಗಳನ್ನು ಕಿತ್ತು, ಕಾಗದದಲ್ಲಿ ಪೊಟ್ಟಣ ಕಟ್ಟಿ ಜೋಪಾನವಾಗಿಟ್ಟರು. ಜಂಪರ್ ಒಂದರ ಮೇಲೆ ಕುಳಿತಿತು. ಯಂತ್ರಕ್ಕೆ ಜೀವ ಕೊಟ್ಟು, ಯೂನಿಕ್ಸ್ ಏಳುವ ಮುನ್ನವೇ ತಡೆದು, ‘ಪ್ರೋಬ್-ಸ್ಕಸಿ’ ಎಂದು ಬೆರಳಚ್ಚಿಸಿದರು. ಅದು ಶಾಲೆಯ ಹಾಜರಿಯಿದ್ದಂತೆ. ಯಂತ್ರ ಪ್ರತಿಯೊಂದು ಅಂಕವನ್ನೂ ಕೂಗುತ್ತದೆ. ಇದ್ದವರು ತಮ್ಮ ಹೆಸರು ಹೇಳುತ್ತಾರೆ. ಒಂದರಲ್ಲಿ ಹೊಸದು, ಮೂರರಲ್ಲಿ ಹಳೆಯದು. ಹುಡುಗನ ಮುಖ ಅರಳಿತು.

“ಈಗ ಹೊಸ ಡಿಸ್ಕ್‌ಗೆ ಗೆರೆ ಹಾಕಿ ಹಸನು ಮಾಡೋಣವೆ, ಸಾರ್?” ಎಂದು ಅವನು ಕೀಲಿಮಣೆಯತ್ತ ಕೈ ಚಾಚಿದ.

“ತಾಳಪ್ಪಾ,” ಎಂದರು ತಂತ್ರಜ್ಞರು. “ಒಂದು ಎನ್ನುವ ಕಡೆ ಮೂರು ಎಂದು ಬೆರಳು ಬಿದ್ದರೆ ಏನಾದೀತು, ಗೊತ್ತೆ?”

ಗೊತ್ತಿತ್ತು. ಹೊಸ ಡಿಸ್ಕನ್ನು ಬಳಕೆಗೆ ಸಿದ್ಧಪಡಿಸುವ ಆಜ್ಞೆ ಅದರ ಮೇಲಿರುವ ಗುರುತುಗಳನ್ನೆಲ್ಲ ಒರಸಿ ಹೊಸ ಕೋಷ್ಟಕ ಬರೆಯುತ್ತದೆ. ಬಳಕೆಯಲ್ಲಿರುವ ಡಿಸ್ಕ್‌ನ ಮೇಲೆ ಅದನ್ನು ಪ್ರಯೋಗಿಸಹೊರಟರೆ ಯಂತ್ರ ತಡೆಯುವುದುಂಟು. ಆದರೆ ಯಂತ್ರ ತಡೆದೀತೆಂದು ನಂಬಿ ಕಣ್ಣುಮುಚ್ಚಿ ನಡೆಯುವುದು ವಿವೇಕವಲ್ಲ.

“ನಿನ್ನ ಹಳೆಯ ಡಿಸ್ಕಿನಲ್ಲಿರುವುದಕ್ಕೆ ಬೇರೆ ಪ್ರತಿ ಎಲ್ಲಿದೆ?”

ಹುಡುಗ ಮಾತಾಡಲಿಲ್ಲ. ಹೊಲದಲ್ಲಿ ಬರೆದುಕೊಂಡ ಪುಸ್ತಕಗಳಲ್ಲಿ ಎರಡು ಮಳೆಯಲ್ಲಿ ನೆನೆದು ಓದಲಾಗದಂತೆ ಆಗಿದ್ದವು. ತಂತ್ರಜ್ಞರು ಬೈಯಲಿಲ್ಲ, ಹೊಲದ ಅಂಕಿಗಳೆಲ್ಲ ಸೇರಿ ಎಷ್ಟು ಜಾಗ ಹಿಡಿಯುತ್ತವೆಯೆಂದು ನೋಡಹೇಳಿದರು. ಯಂತ್ರ ಹೊತ್ತು ಎದ್ದಮೇಲೆ ನೋಡಿದರೆ ಎರಡು ಮೆಗಾಬೈಟ್ ಕೂಡ ಇರಲಿಲ್ಲ. ಉಳಿದದ್ದೆಲ್ಲ ಉಪಗ್ರಹದ ಚಿತ್ರಗಳು, ಲೆಕ್ಕದ ನಡುವಣ ಫಲಿತಾಂಶಗಳು. ಚಿತ್ರಗಳು ಹೋದರೆ ಹೈದರಾಬಾದಿಗೆ ಮತ್ತೆ ಬರೆಯಬಹುದು. ಲೆಕ್ಕ ಹೋದರೆ ಯಂತ್ರ ಮತ್ತೆ ಮಾಡೀತು. ಆದರೆ ಕಳೆದ ಮಳೆಗಾಲವನ್ನು ಮರಳಿ ಸುರಿಸಬಲ್ಲವರು ಯಾರು? ಡಿಸ್ಕನ್ನು ತುಂಬಿದ್ದು ಒಂದು, ಕಳೆಯಬಾರದ್ದು ಇನ್ನೊಂದು. ಮನೆಯ ಮಾತೂ ಹೀಗೆಯೇ ಅಲ್ಲವೆ? ಬೀರುವನ್ನು ತುಂಬುವವು ಬಟ್ಟೆಗಳು. ಬೀಗ ಹಾಕುವುದು ಮಾತ್ರ ಮೂಲೆಯ ಸಣ್ಣ ಕರಡಿಗೆಗಾಗಿ.

ಆ ಎರಡು ಮೆಗಾಬೈಟ್ ಅಂದು ಮೊದಲು ಎರಡು ಫ್ಲಾಪಿಗಳಿಗೆ ಹೋಯಿತು. ಅನಂತರವೇ ಹೊಸ ಡಿಸ್ಕ್ ಹಸನಾದದ್ದು; ಆಜ್ಞೆಯನ್ನು ಒತ್ತುವ ಮುನ್ನ ಇಬ್ಬರೂ ಅಂಕವನ್ನು ಗಟ್ಟಿಯಾಗಿ ಓದಿದರು.

ಉಳಿದದ್ದು ಕಸಿ. ಯೂನಿಕ್ಸ್ ವ್ಯವಸ್ಥೆಯಲ್ಲಿ ಕಡತಗಳೆಲ್ಲ ಒಂದೇ ಮರ. ಅದರ ಬುಡಕ್ಕೆ ‘ರೂಟ್’, ಎಂದರೆ ಬೇರು, ಎಂದೇ ಹೆಸರು. ಹೊಸ ಡಿಸ್ಕ್ ತನ್ನದೇ ಮರವಾಗಿ ನಿಲ್ಲದೆ, ಹಳೆಯ ಮರದ ಒಂದು ಕೊಂಬೆಗೆ ಬಂದು ಕೂಡುತ್ತದೆ. ನಾಟಿ ಮಾವಿನ ಸಸಿಗೆ ತೋಟಗಾರ ಬಾದಾಮಿ ಮಾವಿನ ಕಡ್ಡಿಯನ್ನು ಕೂಡಿಸುವುದೂ ಹೀಗೆಯೇ. ಬೇರು ಹಳೆಯದು, ಕೊಂಬೆ ಹೊಸದು. ತಿನ್ನುವವನಿಗೆ ಮರ ಒಂದೇ. ಸ್ಕಸಿ ಎಂಬ ಪರದೇಶದ ಹೆಸರಿನೊಳಗೆ ಕನ್ನಡದ ಕಸಿ ಅಡಗಿ ಕುಳಿತಿರುವುದು ಕೇವಲ ಆಕಸ್ಮಿಕ. ಆದರೂ ಇಷ್ಟು ಹೊಂದುವ ಆಕಸ್ಮಿಕಗಳು ಅಪರೂಪ. ಪ್ರತಿ ಸಲ ಯಂತ್ರ ಏಳುವಾಗಲೂ ಈ ಕೊಂಬೆ ತಾನಾಗಿ ಕೂಡಿಕೊಳ್ಳಲೆಂದು ಒಂದು ಕಡತದಲ್ಲಿ ಒಂದೇ ಸಾಲು ಬರೆದರು. ಅಲ್ಲಿಗೆ ಸಂಸ್ಕಾರ ಮುಗಿಯಿತು.

ಇನ್ನೊಂದು ಸೂಕ್ಷ್ಮವಿದೆ. ಎರಡು ಡಿಸ್ಕ್‌ಗಳಿವೆಯೆಂದ ಮಾತ್ರಕ್ಕೆ ಭದ್ರತೆ ಇಮ್ಮಡಿಯಾಗದು. ಒಂದೇ ಸಂಗ್ರಹವನ್ನು ಎರಡಕ್ಕೂ ಹಂಚಿ ಹರಡಿದರೆ ಯಾವುದೊಂದು ಕೆಟ್ಟರೂ ಹಾನಿಯೇ, ಅಪಾಯ ಹೆಚ್ಚುತ್ತದೆ. ಒಂದರಲ್ಲಿರುವುದೇ ಇನ್ನೊಂದರಲ್ಲಿಯೂ ಇದ್ದರೆ ಮಾತ್ರ ಒಂದು ಹೋದಾಗ ಇನ್ನೊಂದು ಆಸರೆ. ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ವಿದ್ವಾಂಸರು ೧೯೮೮ರ ತಮ್ಮ ಲೇಖನದಲ್ಲಿ ಇಂಥ ಜೋಡಣೆಗಳನ್ನು ವರ್ಗೀಕರಿಸಿ ‘ರೇಡ್’ ಎಂದು ಹೆಸರಿಟ್ಟರು. ಆದರೆ ಅಂಥ ಜೋಡಿಯೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಕಳ್ಳನಿಗೂ ಬೆಂಕಿಗೂ ಅದು ಒಂದೇ. ತಪ್ಪಿ ಅಳಿಸಿದ್ದನ್ನು ಅದು ಎರಡೂ ಕಡೆ ನಿಷ್ಠೆಯಿಂದ ಅಳಿಸುತ್ತದೆ. ಹುಡುಗನ ಫ್ಲಾಪಿಗಳು ಯಂತ್ರದ ಬಳಿ ಉಳಿಯದೆ, ಆರ್.ಟಿ. ನಗರದ ಅವನ ಬಾಡಿಗೆ ಕೋಣೆಯ ಟ್ರಂಕಿಗೆ ಸೇರಿದ್ದು ಇದಕ್ಕಾಗಿಯೇ. ಹಳೆಯ ಡಿಸ್ಕ್ ಕೆಟ್ಟಿತೆ ಎಂದರೆ, ಇಲ್ಲ. ಪ್ರಬಂಧ ಮುಗಿಯುವವರೆಗೂ ಅದು ನಿಷ್ಠೆಯಿಂದ ದುಡಿಯಿತು. ಆದರೆ ಅಲ್ಲಿಂದ ಮುಂದೆ ಹುಡುಗ ನಿಶ್ಚಿಂತೆಯಿಂದ ನಿದ್ರೆ ಮಾಡಿದ. ಎರಡು ಫ್ಲಾಪಿಗಳ ಬೆಲೆಗೆ ಅದು ಸಣ್ಣ ಲಾಭವಲ್ಲ.

ಆ ಅಗಲವಾದ ತಂತಿಗಳು, ಜಂಪರ್‌ಗಳು, ಟರ್ಮಿನೇಟರ್‌ಗಳು ಇಂದು ಬಳಕೆಯಿಂದ ಹೋಗಿವೆ. ಸನ್ ಕಂಪನಿಯನ್ನು ೨೦೧೦ರಲ್ಲಿ ಒರಾಕಲ್ ಕೊಂಡುಕೊಂಡಿತು. ಆದರೆ ಸ್ಕಸಿಯ ಭಾಷೆ ಸತ್ತಿಲ್ಲ. ಪೆನ್ ಡ್ರೈವ್ ಒಂದನ್ನು ಗಣಕಕ್ಕೆ ಚುಚ್ಚಿದಾಗ ಅವೆರಡರ ನಡುವೆ ನಡೆಯುವ ಸಂಭಾಷಣೆ ಆ ಹಳೆಯ ಆಜ್ಞೆಗಳಲ್ಲಿಯೇ. ಇಂದಿನ ಅನೇಕ ಮೊಬೈಲುಗಳ ಒಳಗಿನ ಸಂಗ್ರಹವೂ ಅದೇ ಮಾತನ್ನಾಡುತ್ತದೆ. ತಂತಿ ಹೋಯಿತು, ಮಾತು ಉಳಿಯಿತು.

ತಂತ್ರಜ್ಞರು ಕೇಳಿದ ಪ್ರಶ್ನೆಯೂ ಉಳಿದಿದೆ. ಇಂದು ಮನೆಮನೆಯ ಮೊಬೈಲು ‘ಜಾಗ ತುಂಬಿದೆ’ ಎಂದು ವಾರಕ್ಕೊಮ್ಮೆ ದೂರುತ್ತದೆ. ತುಂಬಿರುವುದಾದರೋ ಯಾರೋ ಕಳುಹಿಸಿದ ಸುಪ್ರಭಾತದ ಚಿತ್ರಗಳು, ಯಾವಾಗ ಬೇಕಾದರೂ ಮತ್ತೆ ಸಿಗುವ ಹಾಡುಗಳು. ಅವುಗಳ ನಡುವೆ ಎಲ್ಲಿಯೋ ಅಜ್ಜಿ ಹೇಳಿದ ಕಥೆಯ ಐದು ನಿಮಿಷದ ಧ್ವನಿಯೊಂದು, ಮಗುವಿನ ಮೊದಲ ಹೆಜ್ಜೆಯ ಚಿತ್ರವೊಂದು, ಒಂದೇ ಒಂದು ಪ್ರತಿಯಾಗಿ ಕುಳಿತಿರುತ್ತದೆ. ಹೆಚ್ಚು ಜಾಗದ ಹೊಸ ಮೊಬೈಲನ್ನು ಕೊಳ್ಳುವ ಮುನ್ನ ಮನೆಯವರೆಲ್ಲ ಒಂದು ಭಾನುವಾರ ಕುಳಿತು, ಮತ್ತೆ ಸುರಿಯದ ಮಳೆ ಯಾವುದೆಂದು ಆರಿಸಿ, ಅದಕ್ಕೊಂದು ಎರಡನೆಯ ಮನೆಯನ್ನು ಬೇರೆ ಕಡೆ ಮಾಡಿಟ್ಟರೆ ಒಳ್ಳೆಯದು. ಅದಕ್ಕೆ ಬೇಕಾಗುವ ಜಾಗ ಬಹಳ ಸ್ವಲ್ಪ.