ವಾರಂಟಿ ಮುಗಿದ ಗಾಡಿ, ಮಾರುವವನ ಮೌನ

ಬೆಲೆಬಾಳುವ ಹಳೆಯ ಮೋಟಾರ್‌ಸೈಕಲ್ಲನ್ನು ಕೊಳ್ಳುವವನ ಕಣ್ಣು ಮೊದಲು ಮೀಟರಿನ ಮೇಲೆ ಬೀಳುತ್ತದೆ. 7 ವರ್ಷದ ಗಾಡಿ, ಓಟ 8,000 ಕಿಲೋಮೀಟರ್ ಮಾತ್ರ, ಹಿಗ್ಗದಿರುವುದು ಹೇಗೆ? ಆದರೆ ಡುಕಾಟಿ ಮಾನ್‌ಸ್ಟರ್ 821ರಂತಹ ಗಾಡಿಯಲ್ಲಿ ಟೈಮಿಂಗ್ ಬೆಲ್ಟನ್ನು 30,000 ಕಿಲೋಮೀಟರಿಗೆ ಅಥವಾ 5 ವರ್ಷಕ್ಕೆ, ಯಾವುದು ಮೊದಲೋ ಆಗ, ಬದಲಿಸತಕ್ಕದ್ದು. ನಿಂತಲ್ಲೇ ನಿಂತರೂ ಬೆಲ್ಟಿಗೆ ಮುಪ್ಪು ಬರುತ್ತದೆ. ಅದು ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಕೆಡುತ್ತದೆ. ವಾರಂಟಿ ಮುಗಿದಿರುವುದರಿಂದ ಆ ಖರ್ಚೆಲ್ಲ ಕೊಂಡವನದೇ.

ಮಾರುವವನಿಗೆ ಇದು ತಿಳಿದಿದ್ದರೆ ಆತ ಸುಮ್ಮನಿರಬಹುದೆ? 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮು ಇದನ್ನು ಕುದುರೆ ವ್ಯಾಪಾರದ ದೃಷ್ಟಾಂತಗಳಿಂದ ವಿವರಿಸಿದೆ. ಹರಾಜಿನಲ್ಲಿ ಕುದುರೆಯ ದೋಷವನ್ನು ಹೇಳದೆ ಮಾರಿದರೆ, ಬರಿಯ ಆ ಮೌನ ವಂಚನೆಯಾಗದು. ಕೊಳ್ಳುವವಳು ಆಗತಾನೆ ಪ್ರಾಪ್ತವಯಸ್ಕಳಾದ ಸ್ವಂತ ಮಗಳಾದರೆ ಹೇಳುವುದು ಕರ್ತವ್ಯ. ನೆರೆಮನೆಯ ಹುಡುಗನಿಗೆ ಮಾರುವಾಗ ಕಾಯಿದೆ ಇಷ್ಟು ಒತ್ತಾಯಿಸುವುದಿಲ್ಲ. ಸದ್ಗೃಹಸ್ಥನು ಆ ಸಡಿಲವನ್ನು ಲಾಭಕ್ಕೆ ಬಳಸಲಾರನು.

ಕೊಳ್ಳುವವನಿಗೂ ಅಲ್ಲಿಯೇ ಒಂದು ಉಪಾಯವಿದೆ. ‘ನೀವು ಇಲ್ಲವೆನ್ನದಿದ್ದರೆ ಬೆಲ್ಟು ಬದಲಾಗಿದೆಯೆಂದೇ ತಿಳಿಯುತ್ತೇನೆ’ ಎಂದು ಸ್ಪಷ್ಟವಾಗಿ ಹೇಳಬೇಕು. ಆಗ ಮೌನವೂ ಮಾತಿಗೆ ಸಮ. ಇದನ್ನು ಕಾಗದದಲ್ಲಿ ಬರೆದು ಕೇಳಿದರೆ ಇನ್ನೂ ಒಳಿತು. ಸರ್ವಿಸ್ ಬಿಲ್ಲು ದೊರೆಯದಿದ್ದರೆ ಹೊಸ ಬೆಲ್ಟಿನ ವೆಚ್ಚವನ್ನು ಬೆಲೆಯಲ್ಲಿ ಕಳೆದೇ ಹಣ ಎಣಿಸತಕ್ಕದ್ದು.