ಆಟದ ಗಣಕಯಂತ್ರ ಮತ್ತು ಮನೆಯ ಲೆಕ್ಕ

ಆಟವೆಂಬುದು ನಮ್ಮ ಮನೆತನಗಳಲ್ಲಿ ಎಂದೂ ನಿಷಿದ್ಧವಾಗಿರಲಿಲ್ಲ. ಗುಡಿಯ ಕಟ್ಟೆಯ ಕಲ್ಲಿನಲ್ಲಿ ಕೊರೆದ ಹುಲಿ-ಕುರಿಯ ಮನೆಗಳೂ, ಪಡಸಾಲೆಯ ನೆಲದ ಮೇಲೆ ಬಳಪದಿಂದ ಗೆರೆ ಎಳೆದ ಚೌಕಾಬಾರದ 25 ಚೌಕಗಳೂ ಅದಕ್ಕೆ ಸಾಕ್ಷಿ. ಹಿರಿಯರು ಬೇಡವೆಂದದ್ದು ಆಟವನ್ನಲ್ಲ, ಪಣವನ್ನು. ಕವಡೆ ಉರುಳಿಸುವ ಕೈಗೂ ಹಣ ಒಡ್ಡುವ ಕೈಗೂ ನಡುವೆ ಅವರು ಸ್ಪಷ್ಟವಾದ ಗೆರೆಯೊಂದನ್ನು ಎಳೆದಿದ್ದರು. ಆ ಗೆರೆಯನ್ನು ಇಂದಿನ ಯಂತ್ರಗಳ ಕಾಲದಲ್ಲಿ ಎಲ್ಲಿ ಎಳೆಯಬೇಕು ಎಂಬ ಪ್ರಶ್ನೆ 2023ರ ಬೇಸಿಗೆಯಲ್ಲಿ ನಮ್ಮ ಮನೆಯ ಬಾಗಿಲಿಗೂ ಬಂದಿತು.

ನಮ್ಮ ವಾಸ ಕಲಬುರಗಿ ನಗರದಲ್ಲಿ. ಮೂಲ ಮನೆ ಮತ್ತು ಹೊಲ ಹುಮನಾಬಾದ ರಸ್ತೆಯ ಕಮಲಾಪುರದಲ್ಲಿ. ತಾಯಿಯವರು, ಅಣ್ಣ, ಅತ್ತಿಗೆ ಅಲ್ಲಿಯೇ ಇದ್ದಾರೆ. ಭೌಗೋಳಿಕ ಗುರುತು ಪಡೆದ ಕಮಲಾಪುರದ ಕೆಂಪು ಬಾಳೆಯನ್ನು ಬೆಳೆಯುವ ಮನೆತನಗಳಲ್ಲಿ ನಮ್ಮದೂ ಒಂದು. ಈ ಬಾಳೆ ಅವಸರದ ಬೆಳೆಯಲ್ಲ. ಕಂದು ನೆಟ್ಟು ಗೊನೆ ಕಡಿಯಲು ಸುಮಾರು ಒಂದೂವರೆ ವರ್ಷ ಕಾಯಬೇಕು. ಅಂಥ ಬೆಳೆಯ ಹಣವನ್ನು ವ್ಯಯಿಸುವಾಗ ಮನೆಯವರೆಲ್ಲರೂ ಎರಡು ಸಲ ಯೋಚಿಸುವುದು ಸಹಜವೇ.

ನನ್ನ ಮಗಳು ದ್ವಿತೀಯ ಪಿಯುಸಿ ಮುಗಿಸಿ, ಮೇ ತಿಂಗಳ ಸಿಇಟಿ ಪರೀಕ್ಷೆಯನ್ನೂ ಬರೆದು ಬಂದ ಸಂಜೆ ತನ್ನ ಬೇಡಿಕೆಯನ್ನು ಮುಂದಿಟ್ಟಳು. ಅವಳಿಗೆ ಗಣಕಯಂತ್ರವೊಂದು ಬೇಕು. ಅದು ಓದಿಗೆ ಮಾತ್ರವಲ್ಲ, ಆಟಕ್ಕೂ ಆಗುವಂತಿರಬೇಕು. ಸಿದ್ಧ ಯಂತ್ರವನ್ನು ಕೊಳ್ಳದೆ ಬಿಡಿಭಾಗಗಳನ್ನು ತಂದು ತಾನೇ ಜೋಡಿಸುತ್ತೇನೆ ಎಂದಳು. ಆಟ ಆಡುವುದು ಮಾತ್ರವಲ್ಲ, ಆಟವನ್ನು ರಚಿಸುವ ವಿದ್ಯೆಯನ್ನೂ ಕಲಿಯಬೇಕೆಂಬ ಹಂಬಲ ಅವಳದು.

ಬೇರೆ ಮನೆಯಲ್ಲಾಗಿದ್ದರೆ ಇದು ಹಣದ ಪ್ರಶ್ನೆಯಷ್ಟೇ ಆಗುತ್ತಿತ್ತು. ನಮ್ಮಲ್ಲಿ ಹಾಗಿರಲಿಲ್ಲ. ಹಿಂದಿನ ವರ್ಷದ ಮಳೆಗಾಲದಲ್ಲಿ ನನ್ನ ಅಣ್ಣನ ಮಗ, ಐಟಿಐ ಮುಗಿಸಿದ ಹುಡುಗ, ಮೊಬೈಲಿನ ಹಣದ ಇಸ್ಪೀಟಾಟದಲ್ಲಿ 1,80,000 ರೂಪಾಯಿ ಕಳೆದುಕೊಂಡಿದ್ದ. ಅದರಲ್ಲಿ ಬಹುಪಾಲು ಸಾಲದ ಹಣ. ಹಣವನ್ನು ಪಣವಾಗಿಡುವ ಇಂಥ ಆಟಗಳನ್ನು ತಡೆಯಲು ನಮ್ಮ ರಾಜ್ಯವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತ್ತು. ಅದರ ಮುಖ್ಯ ಭಾಗಗಳನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ರದ್ದುಗೊಳಿಸಿತ್ತು. ಕಾನೂನು ಏನೇ ಇರಲಿ, ನಮ್ಮ ಮನೆಗೆ ಆದ ಗಾಯ ಆಗಿಹೋಗಿತ್ತು. ಒಂದು ಬಾಳೆ ಬೆಳೆಯ ಆದಾಯವೆಲ್ಲ ಸಾಲಗಾರರ ಪಾಲಾಯಿತು. ಅಣ್ಣನು ಮಗನೊಡನೆ ಮಾತು ಬಿಟ್ಟನು. ಹುಡುಗ ಹೊಲಕ್ಕೆ ಹೋಗುವನು, ಬರುವನು, ತಲೆ ತಗ್ಗಿಸಿ ಉಣ್ಣುವನು. 'ಆಟ' ಎಂಬ ಶಬ್ದವನ್ನೇ ಯಾರೂ ಆ ಮನೆಯಲ್ಲಿ ಉಚ್ಚರಿಸುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಆಟದ ಯಂತ್ರಕ್ಕಾಗಿ ಹಣ ತೆಗೆದಿಡುವುದೆಂದರೆ ಅಣ್ಣನ ನೋವಿನ ಮೇಲೆ ಉಪ್ಪು ಸುರಿದಂತೆ. ಬೇಡವೆಂದರೆ ನಿರಪರಾಧಿಯಾದ ಮಗಳ ಕಲಿಕೆಯನ್ನು ಇನ್ನೊಬ್ಬರ ಎಡವಿಗಾಗಿ ತಡೆದಂತೆ. ಎರಡು ದಿನ ಆಲೋಚಿಸಿ, ಅಡಗಿಸಿ ಮಾಡುವ ಕೆಲಸ ಬೇಡವೆಂದು ನಿಶ್ಚಯಿಸಿದೆ. ಕಮಲಾಪುರಕ್ಕೆ ಹೋಗಿ ತಾಯಿಯವರ ಮುಂದೆ, ಅಣ್ಣನ ಸಮ್ಮುಖದಲ್ಲಿಯೇ ವಿಷಯ ತೆಗೆದೆ. ಅಣ್ಣನು ಉತ್ತರ ಕೊಡದೆ ಎದ್ದು ಹೋದನು. ತಾಯಿಯವರು ಮೊಮ್ಮಗಳನ್ನು ಹತ್ತಿರ ಕರೆದು ಒಂದೇ ಮಾತು ಕೇಳಿದರು: "ಇದ್ರಾಗ ರೊಕ್ಕ ಹೋಗ್ತದೇನವ್ವ?"

"ಕೊಂಡಾಗ ಒಮ್ಮೆ ಹೋಗ್ತದ, ಆಡೂಮುಂದ ಹೋಗಂಗಿಲ್ಲ ಆಯಿ" ಎಂದಳು ಅವಳು.

"ಹಂಗಾದ್ರ ಇಲ್ಲೇ ನಮ್ಮ ಕಣ್ಣಮುಂದ ಮಾಡ್ರಿ. ಎಲ್ಲಾರೂ ನೋಡೂಣು" ಎಂದರು ತಾಯಿಯವರು. ಮಗಳು ಇನ್ನೊಂದು ಮಾತು ಸೇರಿಸಿದಳು. ಈ ಕೆಲಸಕ್ಕೆ ಒಂದು ಜೋಡಿ ಬಲ್ಲ ಕೈ ಬೇಕು, ಐಟಿಐ ಕಲಿತ ಅಣ್ಣ ಜೊತೆಗಿರಬೇಕು, ಎಂದು. ಯಾರೂ ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ.

ಇನ್ನು ಯಂತ್ರದ ವಿಚಾರ. ಇಂಥ ಕೆಲಸಕ್ಕೆ ಕೈಹಾಕಬೇಕೆನ್ನುವ ಮನೆಗಳಿಗೆ ಉಪಯೋಗವಾಗಲೆಂದು ತುಸು ವಿವರವಾಗಿಯೇ ಬರೆಯುತ್ತೇನೆ. ಆಟದ ಗಣಕಯಂತ್ರವೆಂದರೆ ಲಕ್ಷ ರೂಪಾಯಿಯ ಮಾತೆಂದು ಹಲವರ ತಿಳಿವಳಿಕೆ. ಬೆಲೆಯ ದೊಡ್ಡ ಪಾಲನ್ನು ನುಂಗುವುದು ಚಿತ್ರಗಳನ್ನು ಮೂಡಿಸುವ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು. ಅದನ್ನು ಸದ್ಯಕ್ಕೆ ಬಿಟ್ಟು, ಚಿತ್ರ ಮೂಡಿಸುವ ಶಕ್ತಿಯನ್ನು ತನ್ನೊಳಗೇ ಹೊಂದಿರುವ ಪ್ರೊಸೆಸರನ್ನು ಆರಿಸಿಕೊಂಡರೆ ವೆಚ್ಚ ಅರ್ಧಕ್ಕೆ ಇಳಿಯುತ್ತದೆ. ಎಎಂಡಿ ಸಂಸ್ಥೆಯು 2021ರಲ್ಲಿ ಹೊರತಂದ ರೈಜನ್ 5 5600ಜಿ ಎಂಬುದು ಅಂಥದೊಂದು. ಅದರಲ್ಲಿ ಆರು ಕೋರ್‌ಗಳಿವೆ, ವಿದ್ಯುತ್ತಿನ ಬೇಡಿಕೆ 65 ವ್ಯಾಟಿನ ಮಟ್ಟದ್ದು. ಮುಂದೆ ಅನುಕೂಲವಾದಾಗ ಕಾರ್ಡನ್ನು ಸೇರಿಸಲು ಜಾಗವಂತೂ ಇದ್ದೇ ಇರುತ್ತದೆ.

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಗಳಲ್ಲಿ ದರ ವಿಚಾರಿಸಿದೆವು. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋದರೆ ಅಗ್ಗವಾಗುವುದೆಂದು ಹೇಳಿದವರೂ ಇದ್ದರು. ಆದರೆ ಪ್ರಯಾಣದ ವೆಚ್ಚ ಕಳೆದರೆ ಉಳಿತಾಯ ಅಲ್ಪ. ಮೇಲಾಗಿ ವಾರಂಟಿಯ ಕಾಲದಲ್ಲಿ ಏನಾದರೂ ಕೆಟ್ಟರೆ ಊರಿನ ಅಂಗಡಿಯೇ ಹತ್ತಿರ. ಆದ್ದರಿಂದ ಇಲ್ಲಿಯೇ ಕೊಂಡೆವು. ನಾವು ತೆತ್ತ ಹಣದ ಲೆಕ್ಕ ಹೀಗಿದೆ: ಪ್ರೊಸೆಸರು 11,500 ರೂಪಾಯಿ, ಬಿ450 ಮಾದರಿಯ ಮದರ್‌ಬೋರ್ಡು 5,800, ಎಂಟು ಜಿಬಿಯ ಎರಡು ರ‍್ಯಾಮ್ ಪಟ್ಟಿಗಳು 3,200, 500 ಜಿಬಿಯ ಎಸ್‌ಎಸ್‌ಡಿ 2,800, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ 3,200, ಕ್ಯಾಬಿನೆಟ್ 2,600, ಪರದೆ 7,500, ಕೀಲಿಮಣೆ ಮತ್ತು ಮೌಸ್ 900, ಯುಪಿಎಸ್ 2,900. ಒಟ್ಟು 40,400 ರೂಪಾಯಿ.

ಈ ಪಟ್ಟಿಯ ಹಿಂದೆ ಮಗಳ ತರ್ಕವಿತ್ತು. 16 ಜಿಬಿಯ ಒಂದೇ ಪಟ್ಟಿ ಏಕೆ ಬೇಡ ಎಂದು ಕೇಳಿದಾಗ ಅವಳು ವಿವರಿಸಿದಳು. ಪ್ರತ್ಯೇಕ ಕಾರ್ಡಿಗೆ ತನ್ನದೇ ಸ್ಮರಣಕೋಶವಿರುತ್ತದೆ. ಪ್ರೊಸೆಸರಿನೊಳಗಿನ ಗ್ರಾಫಿಕ್ಸಿಗೆ ಅದಿಲ್ಲ, ಅದು ಯಂತ್ರದ ರ‍್ಯಾಮನ್ನೇ ಎರವಲು ಪಡೆಯಬೇಕು. ಎರಡು ಪಟ್ಟಿಗಳಿದ್ದರೆ ಎರಡು ಕಾಲುವೆಗಳಿಂದ ಒಮ್ಮೆಗೇ ನೀರು ಹರಿಸಿದಂತೆ. ಹೊಲದ ಮನೆಯವರಿಗೆ ಈ ಉಪಮೆ ಒಡನೆಯೇ ತಿಳಿಯಿತು. ಎಸ್‌ಎಂಪಿಎಸ್‌ನಲ್ಲಿ ಮಾತ್ರ ಅಗ್ಗದ್ದನ್ನು ನೋಡಬಾರದೆಂಬುದು ಅವಳ ಹಟ. ಅದು ಕೆಟ್ಟರೆ ತಾನೊಂದೇ ಕೆಡದೆ ಉಳಿದ ಭಾಗಗಳನ್ನೂ ಸುಡಬಲ್ಲದು. ಹಳೆಯ ಬಿ450 ಬೋರ್ಡುಗಳು ಹೊಸ ಪ್ರೊಸೆಸರನ್ನು ಗುರುತಿಸದೆ ಇರುವುದುಂಟಾದ್ದರಿಂದ, ಬಯೋಸ್ ತಂತ್ರಾಂಶ ನವೀಕರಣಗೊಂಡಿದೆಯೇ ಎಂಬುದನ್ನು ಅಂಗಡಿಯಲ್ಲಿಯೇ ಖಚಿತಪಡಿಸಿಕೊಂಡಳು.

ಮೇ ತಿಂಗಳ ಕೊನೆಯ ಭಾನುವಾರ ಪೆಟ್ಟಿಗೆಗಳೊಡನೆ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದೆವು. ನಮ್ಮ ಭಾಗದ ಬಿಸಿಲನ್ನು ವರ್ಣಿಸಬೇಕಿಲ್ಲ. ಪಾದರಸ 42 ಡಿಗ್ರಿಯ ಆಚೆ ಏರುವ ದಿನಗಳವು. ಇಂಥ ಊರಲ್ಲಿ ಯಂತ್ರದ ಮೊದಲ ಶತ್ರು ಶಾಖ, ಎರಡನೆಯದು ಧೂಳು. ಆದ್ದರಿಂದ ಮುಂಭಾಗದಲ್ಲಿ ಜಾಲರಿಯುಳ್ಳ, ಮುಂದಿನಿಂದ ತಂಪು ಗಾಳಿ ಒಳಗೆಳೆದು ಹಿಂದಿನಿಂದ ಬಿಸಿಗಾಳಿ ಹೊರದೂಡುವ ಕ್ಯಾಬಿನೆಟನ್ನು ಆರಿಸಿದ್ದೆವು. ಒಣ ಹವೆಯಲ್ಲಿ ಮೈಮೇಲೆ ಸ್ಥಿರ ವಿದ್ಯುತ್ತು ಸಂಗ್ರಹವಾಗುವುದೂ ಹೆಚ್ಚು. ಕಣ್ಣಿಗೆ ಕಾಣದ ಆ ಕಿಡಿ ಬಿಡಿಭಾಗಗಳನ್ನು ಹಾಳುಮಾಡಬಲ್ಲದು. ಹುಡುಗನು ಎಲ್ಲಕ್ಕಿಂತ ಮೊದಲು ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಪರೀಕ್ಷಿಸಿದನು. ಬಳಿಕ ಕ್ಯಾಬಿನೆಟ್ಟಿನ ಲೋಹವನ್ನು ಆಗಾಗ ಮುಟ್ಟಿ ಕೆಲಸ ಮಾಡುವಂತೆ ತಂಗಿಗೆ ಹೇಳಿದನು. ಅನೇಕ ತಿಂಗಳುಗಳ ನಂತರ ಆ ಪಡಸಾಲೆಯಲ್ಲಿ ಅವನ ಧ್ವನಿ ಕೇಳಿಸಿತು.

ಪ್ರೊಸೆಸರನ್ನು ಕೂರಿಸುವ ಕೆಲಸ ಮಗಳದು. ಕೆಳಭಾಗದಲ್ಲಿ ಸೂಜಿಗಿಂತ ತೆಳ್ಳಗಿನ ನೂರಾರು ಪಿನ್ನುಗಳು, ಒಂದು ಬಾಗಿದರೂ ಕೇಡು. ಮೂಲೆಯ ಪುಟ್ಟ ಚಿನ್ನದ ಬಣ್ಣದ ತ್ರಿಕೋನವನ್ನು ಬೋರ್ಡಿನ ಗುರುತಿಗೆ ಹೊಂದಿಸಿ, ಸನ್ನೆಯನ್ನು ಮೇಲೆತ್ತಿ ಇಟ್ಟರೆ ಅದು ತನ್ನ ಭಾರಕ್ಕೆ ತಾನೇ ಕುಳಿತುಕೊಳ್ಳುತ್ತದೆ. ಒತ್ತಬಾರದು. ಅದರ ಮೇಲೆ ಶಾಖವಾಹಕ ಲೇಪ, ಮೇಲೆ ಫ್ಯಾನು. ತಂತಿಗಳನ್ನೆಲ್ಲ ಅಣ್ಣ ಜೋಡಿಸಿದನು. ಮಧ್ಯಾಹ್ನ ಮೂರು ಗಂಟೆಗೆ ಗುಂಡಿ ಒತ್ತಿದಾಗ ಫ್ಯಾನು ತಿರುಗಿತು, ಆದರೆ ಪರದೆ ಕಪ್ಪಾಗಿಯೇ ಉಳಿಯಿತು.

ಬಾಗಿಲ ಬಳಿ ನಿಂತು ನೋಡುತ್ತಿದ್ದ ನನ್ನ ಅಣ್ಣನ ಮುಖವನ್ನು ಆಗ ನಾನು ನೋಡಿದೆ. ನಲವತ್ತು ಸಾವಿರ ರೂಪಾಯಿ, ಮತ್ತೆ ಅದೇ ಹುಡುಗನ ಕೈ. ಆ ಮೌನದಲ್ಲಿ ಏನಿತ್ತೆಂಬುದು ಎಲ್ಲರಿಗೂ ತಿಳಿದಿತ್ತು. ಹುಡುಗನ ಹಣೆಯ ಮೇಲೆ ಬೆವರೊಡೆಯಿತು, ಆದರೆ ಅವನು ಎದ್ದು ಹೋಗಲಿಲ್ಲ. ವಿದ್ಯುತ್ತು ತೆಗೆದು, ಒಂದೊಂದೇ ಭಾಗವನ್ನು ಕ್ರಮವಾಗಿ ಪರೀಕ್ಷಿಸಿದನು. ಪರದೆಯ ತಂತಿ ಸರಿ. ವಿದ್ಯುತ್ತಿನ ಕೊಂಡಿಗಳು ಸರಿ. ಕೊನೆಗೆ ರ‍್ಯಾಮ್ ಪಟ್ಟಿಗಳೆರಡನ್ನೂ ತೆಗೆದು, ಒಂದನ್ನು ಮಾತ್ರ 'ಟಕ್' ಎಂದು ಸದ್ದಾಗುವವರೆಗೆ ಒತ್ತಿ ಕೂರಿಸಿದನು. ಯಂತ್ರ ಹೊತ್ತಿಕೊಂಡಿತು. ಎರಡನೆಯದನ್ನೂ ಹಾಗೆಯೇ ಕೂರಿಸಿದಾಗ 16 ಜಿಬಿಯ ಲೆಕ್ಕ ಪರದೆಯ ಮೇಲೆ ಮೂಡಿತು. ಅಣ್ಣನು ಒಳಗೆ ಹೋಗಿ, ಒಂದು ಚೊಂಬು ಮಜ್ಜಿಗೆ ತಂದು ಮಗನ ಮುಂದಿಟ್ಟನು. "ಕುಡಿ" ಎಂದಷ್ಟೇ ಅಂದನು. ಹತ್ತು ತಿಂಗಳ ಬಳಿಕ ತಂದೆ ಮಗನಿಗೆ ಆಡಿದ ಮೊದಲ ಮಾತು ಅದು.

ಯಂತ್ರಕ್ಕೆ ಹಣ ಕೊಟ್ಟು ವಿಂಡೋಸ್ ಹಾಕಿಸಲಿಲ್ಲ. ಉಚಿತವಾದ ಉಬುಂಟು ತಂತ್ರಾಂಶದಲ್ಲಿಯೇ ಕನ್ನಡ ಬರವಣಿಗೆಯೂ ನಡೆಯುತ್ತದೆ. ವಿಂಡೋಸಿಗಾಗಿ ಮಾಡಿದ ಅನೇಕ ಆಟಗಳು ವಾಲ್ವ್ ಸಂಸ್ಥೆಯ ಪ್ರೋಟಾನ್ ಎಂಬ ಸಲಕರಣೆಯಿಂದ ಅದರಲ್ಲಿಯೂ ಓಡುತ್ತವೆ. ಎಲ್ಲವೂ ಓಡುವುದಿಲ್ಲ, ಹಲವರು ಕೂಡಿ ಆಡುವ ಕೆಲವು ಪಂದ್ಯಗಳು ಲಿನಕ್ಸ್ ಯಂತ್ರಗಳಿಗೆ ಬಾಗಿಲು ತೆರೆಯುವುದಿಲ್ಲ. ಮೊದಲು ಆಡಿದ್ದು ಉಚಿತವಾದ ಸೂಪರ್‌ಟಕ್ಸ್‌ಕಾರ್ಟ್ ಎಂಬ ಗಾಡಿ ಓಟ. ನಂತರ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡವು 2020ರಲ್ಲಿ ಹೊರತಂದ 'ರಾಜಿ' ಎಂಬ ಆಟವನ್ನು ಒಮ್ಮೆ ಹಣ ತೆತ್ತು ಕೊಂಡಳು. ಕಳೆದುಹೋದ ತಮ್ಮನನ್ನು ಹುಡುಕಿ ಹೊರಟ ಹುಡುಗಿಯೊಬ್ಬಳ ಕಥೆ ಅದು. ಚಿತ್ರದ ಗುಣಮಟ್ಟವನ್ನು ತುಸು ಇಳಿಸಿದರೆ ನಮ್ಮ ಬಡ ಯಂತ್ರದಲ್ಲಿಯೂ ಅದು ಸರಾಗ. ತಾಯಿಯವರು ಕನ್ನಡಕ ಹಾಕಿಕೊಂಡು ಅರ್ಧ ಗಂಟೆ ನೋಡಿದರು. "ತಮ್ಮ ಸಿಕ್ಕನೇನು?" ಎಂದು ಮರುದಿನವೂ ಕೇಳಿದರು.

ಮಗಳು ಈಗ ಕಲಬುರಗಿಯಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿನಿ. ಗೋಡೋ ಎಂಬ ಉಚಿತ ತಂತ್ರಾಂಶವನ್ನು ಕಲಿತು ಚೌಕಾಬಾರದ ಆಟವೊಂದನ್ನು ರಚಿಸಿದ್ದಾಳೆ. 2023ರ ಮಾರ್ಚಿನಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯಲ್ಲಿ ನಮ್ಮ ಒತ್ತಕ್ಷರಗಳು ಒಡೆಯದೆ ಮೂಡುತ್ತವೆ. ನಾಲ್ಕೂ ಕವಡೆ ಅಂಗಾತ ಬಿದ್ದರೆ ನಾಲ್ಕು, ಎಲ್ಲವೂ ಬೋರಲಾದರೆ ಎಂಟು ಎಂಬ ನಿಯಮವನ್ನು ಹೇಳಿಕೊಟ್ಟವರು ಅವಳ ಆಯಿ. ಹುಡುಗನ ಸಾಲದ ಕೊನೆಯ ಕಂತು 2024ರ ಯುಗಾದಿಗೆ ತೀರಿತು. ಹೊಲದ ಕೆಲಸದ ಜೊತೆಗೆ ಊರಿನ ಕೆಲವರ ಗಣಕಯಂತ್ರಗಳ ಧೂಳು ತೆಗೆದು, ಲೇಪ ಬದಲಿಸಿ, ಕೆಟ್ಟುದನ್ನು ಸರಿಪಡಿಸಿ ನಾಲ್ಕು ಕಾಸು ಗಳಿಸುತ್ತಾನೆ. ಅವನು ಸಂಪೂರ್ಣ ಗುಣವಾದನೆಂದು ಹೇಳಲಾರೆ. ಹಣದ ವ್ಯವಹಾರವುಳ್ಳ ಮೊಬೈಲನ್ನು ತಾನಾಗಿಯೇ ತಾಯಿಯ ಕೈಯಲ್ಲಿ ಇಟ್ಟಿದ್ದಾನೆ, ಇನ್ನೂ ಮರಳಿ ಕೇಳಿಲ್ಲ.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂತರ್ಜಾಲದ ಹಣದಾಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಅದೇ ತಿಂಗಳ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಕೌಶಲದ ಆಟವಾಗಲಿ ಅದೃಷ್ಟದ ಆಟವಾಗಲಿ, ಹಣ ಒಡ್ಡಿದರೆ ಅದು ನಿಷಿದ್ಧ. ಹಣದ ಪಣವಿಲ್ಲದ ಇ-ಕ್ರೀಡೆಗೆ ಅದೇ ಕಾಯ್ದೆ ಮನ್ನಣೆ ನೀಡಿದೆ. ಹಾಂಗ್‌ಝೌನಲ್ಲಿ 2023ರಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಅಂಥ ಕ್ರೀಡೆಗೆ ಪದಕಗಳನ್ನೂ ಕೊಟ್ಟಿದ್ದರು. ನಮ್ಮ ಹಿರಿಯರು ಪಡಸಾಲೆಯಲ್ಲಿ ಎಳೆದ ಗೆರೆಯನ್ನೇ ದೇಶದ ಕಾನೂನೂ ಎಳೆದಿದೆ.

ಯಂತ್ರ ಕೊಳ್ಳಬೇಕೆಂದಿರುವ ತಂದೆ-ತಾಯಿಗಳಿಗೆ ಎರಡು ಮಾತು. 2025ರ ಕೊನೆಯ ತಿಂಗಳುಗಳಿಂದ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ರ‍್ಯಾಮಿನ ಬೆಲೆ ಹಲವು ಪಟ್ಟು ಏರಿತು. ನಮ್ಮ ಲೆಕ್ಕ 2023ರದು. ಇಂದಿನ ದರವನ್ನು ವಿಚಾರಿಸಿಯೇ ಹೊರಡಿರಿ. ಹಳೆಯ ಯಂತ್ರದ ಪಟ್ಟಿಗಳು ಹೊಂದುವಂತಿದ್ದರೆ ಅವನ್ನು ಬಳಸಿರಿ. ಎರಡನೆಯದಾಗಿ, ಯಂತ್ರವನ್ನು ಮಕ್ಕಳ ಕೋಣೆಯ ಮೂಲೆಯಲ್ಲಿ ಇಡದೆ ಪಡಸಾಲೆಯಲ್ಲಿಡಿರಿ. ಗಾಳಿಯಾಡಿದರೆ ಯಂತ್ರಕ್ಕೂ ಹಿತ, ನಾಲ್ವರ ಕಣ್ಣಿದ್ದರೆ ಮಕ್ಕಳಿಗೂ ಹಿತ. ಸಾಧ್ಯವಾದರೆ ಜೋಡಿಸುವ ಕಾಯಕವನ್ನು ಅವರ ಕೈಗೇ ಬಿಡಿರಿ, ಮತ್ತು ಮನೆಯಲ್ಲಿ ತಲೆ ತಗ್ಗಿಸಿ ಕುಳಿತವರು ಯಾರಾದರೂ ಇದ್ದರೆ ಅವರನ್ನೂ ಆ ಕೆಲಸಕ್ಕೆ ಕರೆಯಿರಿ.